ಅಂಗಡಿ ಹಿಡಿಯುವ ಮುನ್ನ ಕೇಳಿ: ಬ್ರೋಕರ್ ಯಾರ ಕಡೆಯವರು?

ಮಕ್ಕಳು ಶಾಲೆಗೆ, ಯಜಮಾನರು ಆಫೀಸಿಗೆ ಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ರವಿಕೆ ಹೊಲಿದು ಕೊಡುವವರು ಎಷ್ಟೋ ಮಂದಿ. ಅಡುಗೆಮನೆಯಲ್ಲೇ ಚಕ್ಕುಲಿ, ಕೋಡುಬಳೆ ಕರಿದು ಪ್ಯಾಕೆಟ್ ಮಾಡುವವರು, ಹಾಲ್‌ನಲ್ಲೇ ಹತ್ತು ಮಕ್ಕಳಿಗೆ ಟ್ಯೂಷನ್ ಹೇಳುವವರು, ಬೆಡ್‌ರೂಮಿನ ಒಂದು ಮೂಲೆಯನ್ನೇ ಬ್ಯೂಟಿ ಪಾರ್ಲರ್ ಮಾಡಿಕೊಂಡವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಕೆಲಸ ಕೈಹಿಡಿದು ಗಿರಾಕಿಗಳು ಹೆಚ್ಚಾದಾಗ ಒಂದು ದಿನ ಮನಸ್ಸಿಗೆ ಬರುವ ಮಾತು ಒಂದೇ: ‘ಮನೇಲಿ ಜಾಗ ಸಾಲ್ತಾ ಇಲ್ಲ, ಮೇನ್ ರೋಡಲ್ಲಿ ಒಂದು ಪುಟ್ಟ ಅಂಗಡಿ ನೋಡಿಬಿಡೋಣ.’

ಆಸೆ ಒಳ್ಳೆಯದೇ. ಆದರೆ ಅಲ್ಲಿಂದಾಚೆಗೆ ನಾವು ನಡೆದುಕೊಳ್ಳುವ ರೀತಿ ನೋಡಿ. ಒಂದು ರೇಷ್ಮೆ ಸೀರೆಗೆ ನಾಲ್ಕು ಅಂಗಡಿ ಸುತ್ತುತ್ತೇವೆ. ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಚೀಟಿ ಎತ್ತಿದ ದುಡ್ಡು, ಒಡವೆ ಅಡವಿಟ್ಟು ತಂದ ದುಡ್ಡು, ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಹಾಕುವ ಅಂಗಡಿಯ ವಿಷಯಕ್ಕೆ ಬಂದಾಗ ಮಾತ್ರ, ಟು-ಲೆಟ್ ಬೋರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿ, ಎತ್ತಿದ ಬ್ರೋಕರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿಬಿಡುತ್ತೇವೆ. ‘ಇನ್ನೊಂದು ಪಾರ್ಟಿ ನೋಡ್ಕೊಂಡು ಹೋಗಿದಾರೆ ಮೇಡಂ, ಸಂಜೆಯೊಳಗೆ ಟೋಕನ್ ಕೊಟ್ಬಿಡಿ’ ಅಂದರೆ ಸಾಕು, ಎದೆ ಡವಡವ ಅನ್ನುತ್ತದೆ, ದುಡ್ಡು ಕೈಬದಲಾಗುತ್ತದೆ.

ಟೋಕನ್ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಬ್ರೋಕರ್ ಯಾರ ಕಡೆಯವರು? ನಿಮ್ಮ ಕಡೆಯವರೋ, ಓನರ್ ಕಡೆಯವರೋ?

ಹೆಣ್ಣಿನ ಕಡೆ, ಗಂಡಿನ ಕಡೆ

ಮದುವೆ ಮಾತುಕತೆಯನ್ನೇ ತೆಗೆದುಕೊಳ್ಳಿ. ಗಂಡಿನ ಮನೆಯವರು ಕಳಿಸಿದ ಮಧ್ಯಸ್ಥರು ಎಷ್ಟೇ ಒಳ್ಳೆಯವರಿರಲಿ, ಹುಡುಗನ ಸಂಬಳ ಸ್ವಲ್ಪ ಹೆಚ್ಚೇ ಹೇಳುತ್ತಾರೆ, ಅತ್ತೆಯ ಸಿಟ್ಟಿನ ಸುದ್ದಿ ಎತ್ತುವುದೇ ಇಲ್ಲ. ಅದು ಗೊತ್ತಿದ್ದೇ ಹೆಣ್ಣಿನ ಕಡೆಯವರು ತಮ್ಮ ಸೋದರಮಾವನನ್ನೋ ದೊಡ್ಡಪ್ಪನನ್ನೋ ಆ ಊರಿಗೆ ಕಳಿಸಿ ವಿಚಾರಿಸಿಕೊಂಡು ಬರುತ್ತಾರೆ. ಅಂಗಡಿ ವ್ಯವಹಾರದಲ್ಲಿ ನಮ್ಮ ಪರವಾಗಿ ಹೋಗಿ ವಿಚಾರಿಸುವ ಈ ಸೋದರಮಾವನೇ ಇಲ್ಲದಂತಾಗಿದೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಸಾಮಾನ್ಯವಾಗಿ ಒಬ್ಬನೇ ಬ್ರೋಕರ್ ಎರಡೂ ಕಡೆ ಓಡಾಡುತ್ತಾನೆ. ಓನರ್‌ನಿಂದಲೂ ಕಮಿಷನ್, ನಿಮ್ಮಿಂದಲೂ ಕಮಿಷನ್. ತಲಾ ಒಂದು ತಿಂಗಳ ಬಾಡಿಗೆ ಎನ್ನುವುದು ಅನೇಕ ಕಡೆ ನಡೆದುಬಂದ ಪದ್ಧತಿ. ಇದರಲ್ಲಿ ಮೋಸವೇ ಇದೆ ಎಂದಲ್ಲ. ಎಷ್ಟೋ ಬ್ರೋಕರ್‌ಗಳು ಪ್ರಾಮಾಣಿಕರು. ಆದರೆ ಲೆಕ್ಕ ಹಾಕಿ: ಬಾಡಿಗೆ ಹೆಚ್ಚಾದಷ್ಟೂ ಅವರ ಕಮಿಷನ್ ಹೆಚ್ಚು. ಮಾತುಕತೆ ಬೇಗ ಮುಗಿದಷ್ಟೂ ಅವರಿಗೆ ಲಾಭ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಐದು ವರ್ಷಕ್ಕೊಮ್ಮೆ ಸಿಗುವ ಗಿರಾಕಿ. ಓನರ್ ಹಾಗಲ್ಲ. ಅವರಿಗೆ ಅದೇ ರಸ್ತೆಯಲ್ಲಿ ನಾಲ್ಕು ಮಳಿಗೆ ಇರಬಹುದು, ಮುಂದಿನ ತಿಂಗಳು ಇನ್ನೊಂದು ಖಾಲಿಯಾಗಬಹುದು. ಯಾರ ಮನಸ್ಸು ನೋಯಿಸಲು ಬ್ರೋಕರ್ ಹಿಂಜರಿಯುತ್ತಾರೆ, ನೀವೇ ಹೇಳಿ?

ನಮ್ಮ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಏಜೆಂಟರ ಬಗ್ಗೆಯೇ ಒಂದು ಅಧ್ಯಾಯವಿದೆ. ಏಜೆಂಟ್ ಆದವನು ತನ್ನನ್ನು ನೇಮಿಸಿದವರ ಸೂಚನೆಯಂತೆ ನಡೆಯಬೇಕು, ಕೇಳಿದಾಗ ಲೆಕ್ಕ ಕೊಡಬೇಕು, ಅವರಿಗೆ ತಿಳಿಸದೆ ಆ ವ್ಯವಹಾರದಲ್ಲಿ ಸ್ವಂತ ಲಾಭ ಮಾಡಿಕೊಳ್ಳಬಾರದು ಎನ್ನುತ್ತದೆ ಅದು. ಆದರೆ ನೀವು ಆತನನ್ನು ‘ನನ್ನ ಏಜೆಂಟ್’ ಎಂದು ನೇಮಿಸಿಕೊಂಡಿದ್ದಕ್ಕೆ ಒಂದು ಚೀಟಿಯೂ ಇಲ್ಲದಿದ್ದರೆ ಈ ಕಾಯ್ದೆಯ ಬಲ ಪಡೆಯುವುದು ಕಷ್ಟ. ‘ರೇರಾ ಇದೆಯಲ್ಲ’ ಎನ್ನಬಹುದು. 2016ರ ಆ ಕಾಯ್ದೆಯಲ್ಲಿ ಏಜೆಂಟರು ನೋಂದಣಿ ಮಾಡಿಸಬೇಕಾದದ್ದು ನಿವೇಶನ, ಫ್ಲ್ಯಾಟ್, ಕಟ್ಟಡಗಳ ಮಾರಾಟದ ವ್ಯವಹಾರಕ್ಕೆ. ಅಂಗಡಿ ಬಾಡಿಗೆಯ ಬ್ರೋಕರ್‌ಗೆ ಅದು ಲಗಾಮಲ್ಲ.

ಬಾಡಿಗೆದಾರರ ಪರ ಮಾತ್ರ

ಅಮೆರಿಕದಲ್ಲಿ ಈ ತೊಂದರೆಗೆ ಒಂದು ದಾರಿ ಕಂಡುಕೊಂಡು ಬಹಳ ಕಾಲವಾಯಿತು. ಕಚೇರಿ, ಅಂಗಡಿ, ಗೋಡೌನ್ ಬಾಡಿಗೆಗೆ ಹಿಡಿಯುವವರ ಪರವಾಗಿ ಮಾತ್ರ ಕೆಲಸ ಮಾಡುವ ಬ್ರೋಕರ್ ಸಂಸ್ಥೆಗಳು ಅಲ್ಲಿವೆ. ಕಟ್ಟಡದ ಮಾಲೀಕರ ಕೆಲಸವನ್ನು ಅವು ಒಪ್ಪಿಕೊಳ್ಳುವುದೇ ಇಲ್ಲ. ಈ ಬಗೆಯ ಕೆಲಸಕ್ಕೆ ಮೊದಲಿಗರಲ್ಲಿ ಒಬ್ಬರೆಂದು ಹೆಸರಾದವರು ನ್ಯೂಯಾರ್ಕಿನ ಜೂಲಿಯನ್ ಸ್ಟಡ್ಲಿ. ಅವರು ಸಂಸ್ಥೆ ಕಟ್ಟಿದ್ದು 1954ರಲ್ಲಿ.

ಕ್ಯಾಲಿಫೋರ್ನಿಯಾ ರಾಜ್ಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬ್ರೋಕರ್ ಯಾರ ಪರ, ಒಬ್ಬರ ಪರವೋ ಇಬ್ಬರ ಪರವೋ ಎಂದು ಬರಹದಲ್ಲೇ ತಿಳಿಸಬೇಕೆಂಬ ನಿಯಮ ಅಲ್ಲಿ ಮನೆಗಳ ವ್ಯವಹಾರಕ್ಕೆ ಮೊದಲೇ ಇತ್ತು. 2015ರ ಜನವರಿಯಿಂದ ಅದು ವಾಣಿಜ್ಯ ಕಟ್ಟಡಗಳ ಮಾರಾಟಕ್ಕೂ, ಒಂದು ವರ್ಷ ಮೀರಿದ ಬಾಡಿಗೆಗೂ ಅನ್ವಯವಾಯಿತು. ಅಲ್ಲಿನ ಮಾಲಿಬು ಎಂಬ ಊರಿನ ಒಂದು ಬಂಗಲೆಯ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಕೊಂಡವರ ಪರ ಒಬ್ಬ ಏಜೆಂಟ್, ಮಾರಿದವರ ಪರ ಇನ್ನೊಬ್ಬ ಏಜೆಂಟ್, ಆದರೆ ಇಬ್ಬರೂ ಒಂದೇ ಕಂಪನಿಯವರು. ಸುಮಾರು 15,000 ಚದರ ಅಡಿ ಎಂದು ಜಾಹೀರಾತಿನಲ್ಲಿದ್ದ ಮನೆಯ ನಿಜವಾದ ಅಳತೆ ಅದಕ್ಕಿಂತ ಎಷ್ಟೋ ಕಡಿಮೆ ಎಂಬುದು ಕೊಂಡವರ ದೂರು. ಮಾರುವವರ ಪರ ನಿಂತ ಏಜೆಂಟ್‌ಗೂ ಕೊಳ್ಳುವವರ ವಿಷಯದಲ್ಲಿ ಕಂಪನಿಯಷ್ಟೇ ಜವಾಬ್ದಾರಿ ಇದೆ ಎಂದು 2016ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಎರಡು ದೋಣಿಯಲ್ಲಿ ಕಾಲಿಡುವುದು ಅಲ್ಲೂ ಸುಲಭವಲ್ಲ ಅಂತಾಯಿತು.

ನಮ್ಮಲ್ಲಿಯೂ ದೊಡ್ಡ ದೊಡ್ಡ ಐಟಿ ಕಂಪನಿಗಳು ಕಚೇರಿ ಹಿಡಿಯುವಾಗ ತಮ್ಮ ಪರ ಮಾತಾಡಲು ಸಲಹೆಗಾರರನ್ನು ಇಟ್ಟುಕೊಳ್ಳುತ್ತವೆ. ಲಕ್ಷಾಂತರ ಚದರ ಅಡಿ ಹಿಡಿಯುವವರಿಗೇ ಬೇಕಾದ ಸಹಾಯ, 300 ಚದರ ಅಡಿ ಹಿಡಿಯುವ ನಮಗೆ ಬೇಡವೇ? ಅವರಿಗೆ ನಷ್ಟವಾದರೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ನಮಗಾದರೆ ಮಗಳ ಫೀಸು, ಕತ್ತಿನ ಸರ.

ಎರಡು ಲಕ್ಷದ ಒಂದು ಸಾಲು

ಅಂಗಡಿ ತೋರಿಸುವವರಿಗೂ ನಿಮ್ಮ ಪರ ಮಾತಾಡುವವರಿಗೂ ಇರುವ ವ್ಯತ್ಯಾಸ ಗೊತ್ತಾಗಬೇಕಾದರೆ ಒಂದು ಸಣ್ಣ ಲೆಕ್ಕ ಮಾಡೋಣ. ತಿಂಗಳಿಗೆ 30,000 ರೂಪಾಯಿ ಬಾಡಿಗೆ, ಐದು ವರ್ಷದ ಕರಾರು ಎಂದಿಟ್ಟುಕೊಳ್ಳಿ.

ವರ್ಷಕ್ಕೆ ಶೇ 5ರಷ್ಟು ಏರಿಕೆ ಎಂದರೆ ಐದನೇ ವರ್ಷದ ಬಾಡಿಗೆ ಸುಮಾರು 36,465 ರೂಪಾಯಿ. ಶೇ 10 ಎಂದರೆ 43,923. ಐದು ವರ್ಷದ ಒಟ್ಟು ಬಾಡಿಗೆ ಕೂಡಿ ನೋಡಿದರೆ ಮೊದಲನೆಯದರಲ್ಲಿ 19 ಲಕ್ಷ 89 ಸಾವಿರ, ಎರಡನೆಯದರಲ್ಲಿ 21 ಲಕ್ಷ 97 ಸಾವಿರ. ಕರಾರಿನ ಒಂದೇ ಒಂದು ಸಾಲಿನಲ್ಲಿ, ಒಂದು ಅಂಕಿಯ ಬದಲಿಗೆ ಇನ್ನೊಂದು ಅಂಕಿ ಬಿದ್ದದ್ದಕ್ಕೆ, ಎರಡು ಲಕ್ಷಕ್ಕೂ ಹೆಚ್ಚು! ಬಾಡಿಗೆಯಲ್ಲಿ ಸಾವಿರ ರೂಪಾಯಿ ಕಡಿಮೆ ಮಾಡಿಸಿಕೊಂಡೆವು ಅಂತ ಬೀಗುವ ನಾವು ಈ ಸಾಲನ್ನು ಓದುವುದೇ ಇಲ್ಲ.

ಅಳತೆಯೂ ಹಾಗೆಯೇ. 500 ಚದರ ಅಡಿ, ಅಡಿಗೆ 80 ರೂಪಾಯಿ, ಒಟ್ಟು 40,000 ಅನ್ನುತ್ತಾರೆ. ಆ 500ರಲ್ಲಿ ಮೆಟ್ಟಿಲು, ಪ್ಯಾಸೇಜು, ಗೋಡೆಯ ದಪ್ಪ ಎಲ್ಲ ಸೇರಿರುತ್ತದೆ. ಟೇಪು ಹಿಡಿದು ಒಳಗಿನ ಜಾಗ ಅಳೆದಾಗ 350 ಅಡಿ ಬಂತೆಂದರೆ, ನೀವು ನಿಜವಾಗಿ ಕೊಡುತ್ತಿರುವುದು ಅಡಿಗೆ 114 ರೂಪಾಯಿ. ನಿಮ್ಮ ಪರದವರಾದರೆ ಮೊದಲು ಟೇಪು ತೆಗೆಯುತ್ತಾರೆ.

ಇನ್ನು ಜಿಎಸ್‌ಟಿ. ಓನರ್ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅಂಗಡಿ ಬಾಡಿಗೆಯ ಮೇಲೆ ಶೇ 18 ಸೇರುತ್ತದೆ. 30,000ಕ್ಕೆ 5,400. ನೀವು ನೋಂದಣಿ ಇಲ್ಲದ ಸಣ್ಣ ವ್ಯಾಪಾರಸ್ಥರಾದರೆ ಆ ದುಡ್ಡು ವಾಪಸು ಬರುವುದಿಲ್ಲ. ‘ಬಾಡಿಗೆ ಎಂದರೆ ತೆರಿಗೆ ಸೇರಿಯೋ, ಬಿಟ್ಟೋ?’ ಅಂತ ಮೊದಲ ದಿನವೇ ಕೇಳಬೇಕು.

11 ತಿಂಗಳ ಕರಾರಿನ ಅಪಾಯ

ಮನೆ ಬಾಡಿಗೆಗೆ 11 ತಿಂಗಳ ಕರಾರು ನಮಗೆಲ್ಲ ಅಭ್ಯಾಸ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ, ಆ ಖರ್ಚು ಉಳಿಸಲು ಹುಟ್ಟಿದ ಪದ್ಧತಿ ಅದು. ಮನೆಯಾದರೆ ಪರವಾಗಿಲ್ಲ, ಸಾಮಾನು ಕಟ್ಟಿಕೊಂಡು ಪಕ್ಕದ ಬೀದಿಗೆ ಹೋಗಬಹುದು. ಅಂಗಡಿಗೆ ಮೂರು ಲಕ್ಷದ ಕಪಾಟು, ಕನ್ನಡಿ, ಎಸಿ, ಬೋರ್ಡು ಹಾಕಿಸಿದ ಮೇಲೆ 12ನೇ ತಿಂಗಳು ‘ಖಾಲಿ ಮಾಡಿ’ ಅಂದರೆ? ಅಥವಾ ‘ಇರಬೇಕಾದರೆ ಇಷ್ಟು ಕೊಡಿ’ ಅಂದರೆ?

ಇನ್ನೂ ಕೆಲವರು ಐದು ವರ್ಷದ ಕರಾರನ್ನು ಛಾಪಾ ಕಾಗದದ ಮೇಲೆ ಬರೆಸಿ, ನೋಟರಿ ಮಾಡಿಸಿ, ಭದ್ರವಾಯಿತು ಅಂದುಕೊಳ್ಳುತ್ತಾರೆ. ನೋಂದಣಿ ಇಲ್ಲದ ಐದು ವರ್ಷದ ಕರಾರು ಐದು ವರ್ಷದ ಹಕ್ಕು ಕೊಡುವುದಿಲ್ಲ, ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಅಷ್ಟೇ ಎಂದು ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ತಿಂಗಳ ಬಾಡಿಗೆ ಎಂದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ, 15 ದಿನದ ನೋಟಿಸು ಕೊಟ್ಟು ಮುಗಿಸಬಹುದಾದದ್ದು. ಬಾಡಿಗೆದಾರರಿಗೆ ರಕ್ಷಣೆ ಕೊಡುವ ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ ಎಂದರೆ, 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡ ವಾಣಿಜ್ಯ ಮಳಿಗೆಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಅಂಗಡಿಯ ವಿಷಯದಲ್ಲಿ ನಿಮ್ಮನ್ನು ಕಾಯುವುದು ನಿಮ್ಮ ಕರಾರು ಪತ್ರವೊಂದೇ.

ಅಡ್ವಾನ್ಸ್ ಬಗ್ಗೆಯೂ ಒಂದು ಮಾತು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ, ವಾಣಿಜ್ಯ ಜಾಗಕ್ಕೆ ಆರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡರಷ್ಟೇ ಜಾರಿ. ಆದರೂ ಹತ್ತು ತಿಂಗಳ ಅಡ್ವಾನ್ಸ್ ಕೇಳಿದಾಗ ‘ಸರ್ಕಾರವೇ ಆರು ಸಾಕು ಅಂದಿದೆಯಲ್ಲ’ ಎಂದು ಮಾತು ಶುರು ಮಾಡಲು ಅಡ್ಡಿಯಿಲ್ಲ.

ನಮ್ಮ ಕಡೆಯವರು ಎಲ್ಲಿ ಸಿಗುತ್ತಾರೆ?

ಪುಟ್ಟ ಅಂಗಡಿಗೆ ‘ಬಾಡಿಗೆದಾರರ ಪರ ಮಾತ್ರ’ ಎಂದು ಬೋರ್ಡು ಹಾಕಿಕೊಂಡವರು ನಮ್ಮ ಊರುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬೇಸರ ಬೇಡ. ನಾವೇ ಅಂಥವರನ್ನು ಮಾಡಿಕೊಳ್ಳಬಹುದು.

ಮೊದಲ ದಾರಿ: ಆ ಬಡಾವಣೆ ಚೆನ್ನಾಗಿ ಗೊತ್ತಿರುವ ಒಬ್ಬ ಬ್ರೋಕರ್‌ಗೆ ‘ನಿಮಗೆ ದುಡ್ಡು ಕೊಡುವವಳು ನಾನೊಬ್ಬಳೇ, ಓನರ್ ಹತ್ತಿರ ತೆಗೆದುಕೊಳ್ಳಬೇಡಿ’ ಎಂದು ಹೇಳಿ ಗೊತ್ತು ಮಾಡಿಕೊಳ್ಳುವುದು. ಅವರು ತಮ್ಮ ಕೈಯಲ್ಲಿರುವ ಮಳಿಗೆಗಳನ್ನೇ ತೋರಿಸುವಂತಿಲ್ಲ, ಬೇರೆಯವರ ಟು-ಲೆಟ್‌ಗಳನ್ನೂ ಹುಡುಕಬೇಕು.

ಎರಡನೇ ದಾರಿ: ಅಂಗಡಿಯನ್ನು ನೀವೇ ಹುಡುಕಿ, ಮಾತುಕತೆಗೆ ಮತ್ತು ಕಾಗದಪತ್ರಕ್ಕೆ ಮಾತ್ರ ಫೀಸು ಕೊಟ್ಟು ವಕೀಲರನ್ನೋ, ಲೆಕ್ಕಪರಿಶೋಧಕರನ್ನೋ ಇಟ್ಟುಕೊಳ್ಳುವುದು. ನಿವೃತ್ತ ಬ್ಯಾಂಕ್ ಅಧಿಕಾರಿಗಳು ಇಂಥ ಕಾಗದಪತ್ರ ನೋಡುವುದರಲ್ಲಿ ನುರಿತವರು. ನಿಮ್ಮ ನೆಂಟರಲ್ಲೇ ಅಂಥವರು ಇರಬಹುದು. ಓನರ್ ಸೂಚಿಸಿದ ವಕೀಲರು ಮಾತ್ರ ಬೇಡ.

ಯಾರೇ ಆಗಲಿ, ಒಂದು ಪುಟದ ಪತ್ರ ಬರೆದು ಇಬ್ಬರೂ ಸಹಿ ಹಾಕಿ. ಅದರಲ್ಲಿ ಇವಿಷ್ಟು ಇರಲಿ:

* ಈ ವ್ಯವಹಾರದಲ್ಲಿ ಅವರು ನಿಮ್ಮ ಪರವಾಗಿ ಮಾತ್ರ ಕೆಲಸ ಮಾಡುತ್ತಾರೆ.
* ಫೀಸು ಇಂತಿಷ್ಟು ಎಂದು ನಿಗದಿ. ಬಾಡಿಗೆಯ ಶೇಕಡಾವಾರು ಲೆಕ್ಕ ಬೇಡ. ಶೇಕಡಾವಾರು ಎಂದರೆ ಬಾಡಿಗೆ ಏರಿದಷ್ಟೂ ಅವರಿಗೆ ಸಿಹಿ.
* ಓನರ್‌ನಿಂದಾಗಲಿ, ಜಾಗ ಬಿಡುತ್ತಿರುವ ಹಳೆಯ ಬಾಡಿಗೆದಾರರಿಂದಾಗಲಿ ಕಮಿಷನ್, ಗುಡ್‌ವಿಲ್‌ನಲ್ಲಿ ಪಾಲು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ಅದು ನಿಮ್ಮ ಫೀಸಿನಲ್ಲಿ ವಜಾ.
* ಕನಿಷ್ಠ ನಾಲ್ಕು ಜಾಗ ತೋರಿಸಿ, ಪ್ರತಿಯೊಂದರ ಅಳತೆ, ಬಾಡಿಗೆ, ಅಡ್ವಾನ್ಸ್, ಏರಿಕೆ ಬರೆದು ಕೊಡಬೇಕು.
* ನಿಮ್ಮ ಬಜೆಟ್ ಎಷ್ಟು, ನಿಮಗೆ ಎಷ್ಟು ಅವಸರ ಎಂಬುದು ಓನರ್ ಕಿವಿಗೆ ಬೀಳಬಾರದು.
* ಅವಧಿ ಎರಡು ತಿಂಗಳು. ಫೀಸಿನಲ್ಲಿ ಅರ್ಧ ಮಾತ್ರ ಮೊದಲು, ಉಳಿದದ್ದು ಕರಾರು ನೋಂದಣಿಯಾದ ದಿನ.

ಈ ಪತ್ರ ನೋಡಿ ‘ಇದೆಲ್ಲ ಯಾಕೆ ಮೇಡಂ, ನಂಬಿಕೆ ಮೇಲೆ ನಡೀತದೆ’ ಅಂದವರಿಗೆ ಕಾಫಿ ಕೊಟ್ಟು ಕಳಿಸಿ. ಸಹಿ ಹಾಕಲು ಹಿಂಜರಿಯದವರೇ ನಿಮಗೆ ಬೇಕಾದವರು.

ನಿಮ್ಮ ಪರದವರು ಏನೇನು ಮಾಡಬೇಕು?

* ಓನರ್ ನಿಜವಾದ ಓನರೇ? ಖಾತೆ, ಕಂದಾಯ ರಸೀದಿ, ಕಾವೇರಿ ಆನ್‌ಲೈನ್‌ನಲ್ಲಿ ಸಿಗುವ ಋಣಭಾರ ಪತ್ರ ನೋಡಬೇಕು. ಕಟ್ಟಡದ ಮೇಲೆ ಬ್ಯಾಂಕ್ ಸಾಲವಿದೆಯೇ ಎಂದು ನೇರವಾಗಿ ಕೇಳಬೇಕು. ಅಣ್ಣತಮ್ಮಂದಿರ ಜಂಟಿ ಆಸ್ತಿಯಾದರೆ ಎಲ್ಲರ ಸಹಿ ಬೇಕು.
* ಆ ರಸ್ತೆಯಲ್ಲಿ, ಆ ಕಟ್ಟಡದಲ್ಲಿ ವ್ಯಾಪಾರಕ್ಕೆ ಅನುಮತಿ ಇದೆಯೇ? ನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್ ಸಿಗುತ್ತದೆಯೇ? ಅಡ್ವಾನ್ಸ್ ಕೊಟ್ಟ ಮೇಲೆ ಲೈಸೆನ್ಸ್ ಸಿಗದಿದ್ದರೆ ದುಡ್ಡು ವಾಪಸು ಎಂಬ ಷರತ್ತು ಬರೆಸಬೇಕು.
* ಕರೆಂಟಿಗೆ ಬೇರೆ ಮೀಟರ್ ಇದೆಯೇ, ವಾಣಿಜ್ಯ ದರದ್ದೇ? ಹಳೆಯ ಬಾಕಿ ಇಲ್ಲವೆಂಬ ರಸೀದಿ ಎಲ್ಲಿ? ನೀರು, ಶೌಚಾಲಯ, ಗಿರಾಕಿಗಳ ಸ್ಕೂಟರ್ ನಿಲ್ಲಿಸಲು ಜಾಗ?
* ಲಾಕ್-ಇನ್ ಅವಧಿ ಇಬ್ಬರಿಗೂ ಸಮನಾಗಿದೆಯೇ? ಎಷ್ಟೋ ಕರಾರುಗಳಲ್ಲಿ ನೀವು ಮೂರು ವರ್ಷ ಬಿಡುವಂತಿಲ್ಲ, ಓನರ್ ಮಾತ್ರ ಮೂರು ತಿಂಗಳ ನೋಟಿಸಿನಲ್ಲಿ ಬಿಡಿಸಬಹುದು ಎಂದಿರುತ್ತದೆ. ಇದನ್ನು ತಿರುಗಿಸಿ ಕೇಳಿ. ಸಣ್ಣ ವ್ಯಾಪಾರಕ್ಕೆ, ಕೈಹಿಡಿಯದಿದ್ದರೆ ಬಿಟ್ಟುಹೋಗುವ ದಾರಿಯೂ ಬೇಕು, ಕೈಹಿಡಿದರೆ ಉಳಿಯುವ ಹಕ್ಕೂ ಬೇಕು.
* ಒಳಗಿನ ಕೆಲಸ ಮುಗಿಯುವವರೆಗೆ ಬಾಡಿಗೆ ಇಲ್ಲದ ಒಂದು ತಿಂಗಳಾದರೂ ಕೇಳಬೇಕು. ಕೇಳಿದರೆ ಕೊಡುವವರು ಇದ್ದಾರೆ. ಕೇಳದವರಿಗೆ ಯಾರೂ ಕೊಡುವುದಿಲ್ಲ.
* ಬಿಡುವಾಗ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸು, ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ನೀವು ಹಾಕಿಸಿದ ಕಪಾಟು, ಎಸಿ ಯಾರದು? ಸೋರುವ ತಾರಸಿ ರಿಪೇರಿ ಯಾರ ಖರ್ಚು? ಎಲ್ಲ ಬರಹದಲ್ಲಿರಲಿ.

ಅಂಗಡಿ ತೆರೆದ 30 ದಿನದೊಳಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಡಿ ನೋಂದಣಿಗೆ ಅರ್ಜಿ ಹಾಕುವುದನ್ನೂ ಮರೆಯಬೇಡಿ.

ಎಲ್ಲರಿಗೂ ಬೇಕೇ?

ಇಲ್ಲ. ಫೀಸು ನಿಮ್ಮ ಕೈಯಿಂದಲೇ ಹೋಗುತ್ತದೆ ಎಂಬುದು ಮೊದಲ ತೊಂದರೆ. ಓನರ್ ಕಡೆಯ ಬ್ರೋಕರ್‌ಗಳು ಕೆಲವೊಮ್ಮೆ ತಮ್ಮ ಒಳ್ಳೆಯ ಜಾಗಗಳನ್ನು ಹೊರಗಿನ ಬ್ರೋಕರ್‌ಗೆ ತೋರಿಸುವುದೂ ಇಲ್ಲ. ಪರಿಚಯದವರ ಗ್ಯಾರೇಜಿನಲ್ಲಿ ಐದು ಸಾವಿರದ ಬಾಡಿಗೆಗೆ ಹೊಲಿಗೆ ಮೆಷಿನ್ ಇಟ್ಟುಕೊಳ್ಳುವವರಿಗೆ ಇಷ್ಟೆಲ್ಲ ಬೇಡ, ವಕೀಲರಿಗೆ ಒಮ್ಮೆ ಕರಾರು ತೋರಿಸಿದರೆ ಸಾಕು. ಆದರೆ ಅಡ್ವಾನ್ಸ್, ಒಳಗಿನ ಕೆಲಸ ಸೇರಿ ಎರಡು-ಮೂರು ಲಕ್ಷ ದಾಟುವ ವ್ಯವಹಾರವಾದರೆ ನಿಮ್ಮ ಪರ ಒಬ್ಬರು ಇರಲೇಬೇಕು. ಹೇಗಿದ್ದರೂ ಒಂದು ತಿಂಗಳ ಬಾಡಿಗೆ ಕಮಿಷನ್ ಕೊಡುತ್ತೀರಿ. ಅದೇ ದುಡ್ಡನ್ನು ನಿಮ್ಮ ಪರ ಮಾತಾಡುವವರಿಗೆ ಕೊಡಿ.

ಯಾರನ್ನೂ ಗೊತ್ತುಮಾಡಿಕೊಳ್ಳಲು ಆಗದಿದ್ದರೆ, ಎದುರಿಗಿರುವ ಬ್ರೋಕರ್ ಓನರ್ ಕಡೆಯವರೆಂದೇ ತಿಳಿದು ಮಾತಾಡಿ. ‘ನಲವತ್ತು ಸಾವಿರದವರೆಗೂ ಪರವಾಗಿಲ್ಲ’ ಅಂತ ಬಾಯಿಬಿಡಬೇಡಿ. ‘ಹಬ್ಬದೊಳಗೆ ಶುರು ಮಾಡಲೇಬೇಕು’ ಎಂದೂ ಹೇಳಬೇಡಿ. ಅಂಗಡಿ ಎಷ್ಟೇ ಇಷ್ಟವಾದರೂ ಮುಖದಲ್ಲಿ ತೋರಿಸದೆ, ಇನ್ನೆರಡು ನೋಡಿದ್ದೇವೆ ಅನ್ನಿ, ನಿಜವಾಗಿಯೂ ಇನ್ನೆರಡು ನೋಡಿ. ಅಕ್ಕಪಕ್ಕದ ಅಂಗಡಿಯವರನ್ನು ಮಾತಾಡಿಸಿ, ಹಿಂದಿನವರು ಯಾಕೆ ಬಿಟ್ಟರು ಅಂತ ಕೇಳಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆ ಬಂದಾಗ ಒಮ್ಮೆ ಹೋಗಿ ನೋಡಿ. ಹಗಲು ಕಂಡ ಬಾವಿಗೆ ಇರುಳು ಬೀಳುವುದು ಬೇಡ.

ಹಾಗೆಯೇ, ನಿಮ್ಮದೇ ಒಂದು ಮಳಿಗೆಯನ್ನು ಬಾಡಿಗೆಗೆ ಕೊಟ್ಟು ಜೀವನ ನಡೆಸುವವರು ನೀವಾಗಿದ್ದರೆ ಇದೇ ಮಾತು ನಿಮಗೂ ಸಲ್ಲುತ್ತದೆ. ಬಾಡಿಗೆದಾರರ ಹತ್ತಿರವೂ ದುಡ್ಡು ತೆಗೆದುಕೊಳ್ಳುವ ಬ್ರೋಕರ್ ನಿಮ್ಮ ಪೂರ್ತಿ ನಂಬಿಕೆಗೆ ಅರ್ಹನಲ್ಲ. ನಿಮ್ಮ ಪರ ಒಬ್ಬರು, ಅವರ ಪರ ಒಬ್ಬರು ಕೂತು ಮಾತಾಡಿದರೆ ಕರಾರು ಸ್ವಚ್ಛವಾಗುತ್ತದೆ, ಐದು ವರ್ಷ ಜಗಳವಿಲ್ಲದೆ ಕಳೆಯುತ್ತದೆ.

ಮನೆಯ ಖರ್ಚಿನಲ್ಲಿ ಪೈಸೆ ಪೈಸೆ ಉಳಿಸಿ ಸಂಸಾರ ತೂಗಿಸುವ ಲೆಕ್ಕಾಚಾರ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಲೆಕ್ಕಾಚಾರವನ್ನು ಬಾಡಿಗೆ ಕರಾರಿನ ಮುಂದೆಯೂ ಕೂರಿಸಿ. ಮುಂದಿನ ಸಲ ಯಾರಾದರೂ ‘ಒಳ್ಳೆ ಅಂಗಡಿ ಇದೆ ಮೇಡಂ, ಬನ್ನಿ’ ಅಂದರೆ ಬಾಡಿಗೆ ಎಷ್ಟು ಅಂತ ಆಮೇಲೆ ಕೇಳಿ. ‘ನಿಮಗೆ ದುಡ್ಡು ಕೊಡೋರು ಯಾರು?’ ಅಂತ ಮೊದಲು ಕೇಳಿ.